ಹಜರತಬೀಯ ಹೊಲದ ಎಣ್ಣೆ ಉಸುಕು

ಗಂಗಾವತಿ
೧೨ ನವೆಂಬರ್ ೧೯೪೪

ಅಕ್ಕನ ಮಗ ಚಿರಂಜೀವಿ ಆದೆಪ್ಪನಿಗೆ ನಿನ್ನ ಸೋದರಮಾವನ ಆಶೀರ್ವಾದಗಳು.

ಈ ಮಹಾಯುದ್ಧ ಇನ್ನೂ ನಿಂತಿಲ್ಲವೆಂದರೆ ಅದಕ್ಕೆ ನಾನೇ ಕಾರಣ. ನನ್ನ ಎಣ್ಣೆಯನ್ನು ಯಾವ ಕಡೆಯವರಿಗೆ ಕೊಡಬೇಕೆಂದು ಇನ್ನೂ ತೀರ್ಮಾನಿಸಿಲ್ಲ. ಕೊಟ್ಟೆನೆಂದರೆ ಅವರು ಸಂಕ್ರಾಂತಿಯೊಳಗೆ ಗೆದ್ದರು. ಇಂಥ ಹೊಣೆ ಹೊತ್ತವನು ನಿನ್ನ ಕಾಗದಕ್ಕೆ ಎರಡು ತಿಂಗಳು ತಡಮಾಡಿದನೆಂದು ಸಿಟ್ಟಾಗಬೇಡ. ಅಕ್ಕ ಆರಾಮಿದ್ದಾಳೆ. ನಿನ್ನ ಅತ್ತೆ ದುರಗಮ್ಮನೂ ಆರಾಮು; ಅವಳ ತವರಿನ ಬೆಳ್ಳಿ ಡಾಬು ಬೆಸುಗೆಗೆಂದು ಕೊಪ್ಪಳಕ್ಕೆ ಹೋಗಿದ್ದು ಇನ್ನೂ ಬಂದಿಲ್ಲ, ಅಷ್ಟೆ.

ತಪ್ಪೆಲ್ಲ ನಿನ್ನದು. ಉಗಾದಿಗೆ ಹೈದರಾಬಾದಿನ ಕಾಲೇಜಿನಿಂದ ಬಂದು, ಕೆನಡಾ ಎಂಬ ಚಳಿ ದೇಶದಲ್ಲಿ ಕರಿ ಉಸುಕು ಅಗೆದು, ಬಿಸಿನೀರಿನಲ್ಲಿ ಕಲಕಿ ಎಣ್ಣೆ ತೆಗೆಯುತ್ತಾರೆಂದು ಕಟ್ಟೆಯ ಮೇಲೆ ಹೇಳಿದವನು ಯಾರು? ಕೆಲವರು ಎಣ್ಣೆ ಉಸುಕು ಅನ್ನುತ್ತಾರೆ, ಕೆಲವರು ಡಾಂಬರು ಉಸುಕು ಅನ್ನುತ್ತಾರೆ ಎಂದೂ ನೀನೇ ಅಂದೆ. ನಾನು ಅಲ್ಲಿಯೇ ತಲೆಯೊಳಗೆ ಎರಡು ಗುಂಪಿ ಹಾಕಿಬಿಟ್ಟೆ: ಡಾಂಬರಿನದು ಅಗ್ಗ, ಎಣ್ಣೆಯದು ತುಟ್ಟಿ.

ಎಂಟು ದಿನದಲ್ಲಿ ಹೇಮಗುಡ್ಡದ ಸಡಕಿನ ಪಕ್ಕ ನನ್ನ ಚಪ್ಪಲಿ ನೆಲಕ್ಕೆ ಅಂಟಿತು. ಕರಿ ಉಸುಕು, ಬಿಸಿಲಿಗೆ ಬೆವರುತ್ತಿತ್ತು! ಆ ಹೊಲದ ಪಟ್ಟಿ, ಟಾಂಗಾ ಹೊಡೆಯುತ್ತಿದ್ದ ಅಬ್ದುಲಸಾಬನ ವಿಧವೆ ಹಜರತಬೀಯದು. ಏನೂ ತಿಳಿಯದವನಂತೆ ಹೋಗಿ ಬೆಲೆ ಕೇಳಿದೆ.

"ಓಬಳೆಪ್ಪಣ್ಣ, ಅದು ಡಾಂಬರು ಉಸುಕೈತ್ರಿ. ಹುಲ್ಲೂ ಹುಟ್ಟಂಗಿಲ್ಲ," ಅಂದಳು.

ಪಾಪ, ಎಣ್ಣೆ ಉಸುಕಿಗೂ ಡಾಂಬರು ಉಸುಕಿಗೂ ಅಂತರ ಅರಿಯದ ಹೆಂಗಸು ಎಂದು ಮೀಸೆಯೊಳಗೇ ನಕ್ಕೆ.

"ಇರ್ಲಿ ಬಿಡವ್ವ, ನನಗ ಡಾಂಬರ ಅಂದ್ರ ಭಾಳ ಪ್ರೀತಿ."

"ಬಿಸಲು ನೆತ್ತಿಗೇರೇತೇನ್ರಿ?"

ನಲವತ್ತು ರೂಪಾಯಿಗೆ ಕೊಂಡೆ. ನಿನ್ನ ಅತ್ತೆಯ ಅಂಬಲಿ ಗಡಿಗೆಯಲ್ಲಿ ಉಸುಕು ಕುದಿಸಿದೆ. ಮೇಲೆ ತೇಲಿದ್ದನ್ನು ಚಿಮಣಿಗೆ ಹಾಕಿ ಹಚ್ಚಿದರೆ ಬೆಳಕಿಗಿಂತ ಹೊಗೆಯೇ ಹೆಚ್ಚು; ಗೋಡೆ, ಬೆಕ್ಕು, ನನ್ನ ಮೀಸೆ ಒಂದೇ ಬಣ್ಣವಾದವು. "ಛಲೋ ಎಣ್ಣಿ ಐತಿ, ಭಜಿ ಕರೀಲೇನು?" ಅಂದಳು ನಿನ್ನ ಅತ್ತೆ. ಗಡಿಗೆ ಇನ್ನೂ ಹಿತ್ತಲಲ್ಲಿದೆ. ಆಮೇಲೆಯೇ ನಿನಗೆ ಉಸುಕಿನ ಪುಡಿಕೆ ಕಳಿಸಿದ್ದು.

ನಿನ್ನ ಉತ್ತರವನ್ನು ಮೂರು ಸಲ ಓದಿದೆ. ಎಣ್ಣೆ ಉಸುಕು, ಡಾಂಬರು ಉಸುಕು ಎರಡೂ ಒಂದೇ ವಸ್ತುವಂತೆ. ಕರಿ ಬಣ್ಣ, ಅಂಟು ನೋಡಿ ಹಳಬರು ಡಾಂಬರೆಂದರು. ನಿಜವಾದ ಡಾಂಬರನ್ನು ಮನುಷ್ಯರು ಕಲ್ಲಿದ್ದಲಿನಿಂದ ಭಟ್ಟಿ ಇಳಿಸುತ್ತಾರಂತೆ. "ಮಾವಾ, ನೀ ಕಳಿಸಿದ ಉಸುಕಿನಾಗ ಇರೂದು ಮನುಷ್ಯಾರು ಮಾಡಿದ ಡಾಂಬರೇ" ಎಂದು ನೀನು ಬರೆದಿದ್ದೆ.

ಕಾಗದ ಹಿಡಿದು ಹಜರತಬೀಯ ಮನೆಗೆ ಹೋದೆ. ಅವಳು ಹಣೆ ಹಣೆ ಬಡಿದುಕೊಂಡಳು. "ಮೂರು ವರ್ಷದ ಹಿಂದ ಸಡಕಿನವ್ರು ಅಲ್ಲೇ ಡಾಂಬರ ಪೀಪಾಯಿ ಇಟ್ಟು ಕಾಸಿದ್ರಲ್ರಿ. ಎರಡು ಒಡದು ಹೊಲದಾಗ ಹರೀತು. ಊರಿಗೆಲ್ಲ ಗೊತ್ತೈತಿ!" ಆ ವರ್ಷ ನಾನು ಯಲಬುರ್ಗಾದ ಹತ್ತಿ ಜಿನ್ನಿನಲ್ಲಿದ್ದೆನಲ್ಲ. "ಮಗಳು ಹಸೀನಾನ ನಿಕಾಹಕ್ಕಂತ ಇಟ್ಟೀನಿ, ಒಂದು ಪೈನೂ ಮುಟ್ಟಿಲ್ಲ. ನಿಮ್ಮ ರೊಕ್ಕ ನೀವು ಒಯ್ರಿ," ಅಂದಳು.

"ನಿನಗೇನು ತಿಳಿತೈತವ್ವ, ಇನ್ನೂ ಕೆಳಗ ಎಣ್ಣಿ ಐತಿ," ಎಂದು ಎದ್ದು ಬಂದೆ. ಓಬಳೆಪ್ಪ ಕೊಟ್ಟ ಕೈ ಹಿಂದೆ ತೆಗೆಯುವವನಲ್ಲ.

ಹೊಟ್ಟೆ ತುಂಬ ಉಣ್ಣು, ಕಣ್ಣು ಕೆಡುವಷ್ಟು ಓದಬೇಡ. ದೇವಿ ಹುಲಿಗೆಮ್ಮ ನಿನ್ನನ್ನು ನನಗಿಂತ ಜಾಣನನ್ನಾಗಿ ಮಾಡಲಿ. ಅವಳಿಗೂ ಅದು ಸುಲಭದ ಕೆಲಸವಲ್ಲ.

ನಿನ್ನ ಮಾವ
ಓಬಳೆಪ್ಪ

ತಾ.ಕ. ಡಾಬು ಬೆಸುಗೆಗೆ ಹೋಗಿಲ್ಲ, ಆ ಹೊಲಕ್ಕೆಂದು ಮಾರಿದ್ದೇನೆ. ಹಜರತಬೀ ಮೊದಲು ಕೊಡುವುದಿಲ್ಲವೆಂದೇ ಅಂದಳು. ಅವಳು ಬೇಡ ಅಂದಾಗಲೆಲ್ಲ ಎಣ್ಣೆಯ ಗುಟ್ಟು ಅವಳಿಗೂ ತಿಳಿದಿದೆ ಎಂದುಕೊಂಡು ನಾನೇ ಬೆಲೆ ಏರಿಸುತ್ತ ಹೋದೆ. ಅವಳು ಉದ್ದಕ್ಕೂ ನಿಜ ಹೇಳಿದಳು. ನಾನು ಅವಳಿಗೆ ಮೋಸ ಮಾಡಲು ಹೋದವನು. ಹಾಗಿರುವಾಗ ರೊಕ್ಕ ಒಯ್ಯಿರಿ ಅಂದರೆ ಯಾವ ಮುಖದಿಂದ ಕೈ ಒಡ್ಡಲಿ? ಮೊನ್ನೆ ಹುಲಿಗಿಯ ಅಮ್ಮನ ಗುಡಿಗೆ ಹೊರಟಾಗ ನಿನ್ನ ಅತ್ತೆ ಬರಿ ಸೊಂಟಕ್ಕೆ ಸೆರಗು ಬಿಗಿದುಕೊಂಡಳು. ಪ್ರತಿ ಸಲ ಕೇಳುತ್ತಿದ್ದವಳು ಈ ಸಲ ಡಾಬು ಬಂತೇನು ಎಂದು ಕೇಳಲಿಲ್ಲ, ಆದೆಪ್ಪ. ಕೇಳಿದ್ದರೆ ಇನ್ನೊಂದು ಸುಳ್ಳು ಹೇಳಿ ಆರಾಮಿರುತ್ತಿದ್ದೆ. ರಜೆಗೆ ಬಂದಾಗ ನನ್ನ ಪಕ್ಕದಲ್ಲಿ ಕೂತಿರು, ನಾನೇ ಹೇಳುತ್ತೇನೆ. ಬಾಯಿಗೆ ರೂಢಿಯಾಗಲೆಂದು ಮೊದಲು ನಿನಗೆ ಬರೆಯುತ್ತಿದ್ದೇನೆ: ನಲವತ್ತಲ್ಲ, ನೂರಾ ತೊಂಬತ್ತು ರೂಪಾಯಿ.