ರಸ್ತೆಯ ಎಡಭಾಗ

ಮಾರ್ಚ್ 4, ಸೋಮವಾರ. ಬೆಳಿಗ್ಗೆ 5-10

ನಿದ್ದೆ ಆರು ಗಂಟೆ. ನಿನ್ನೆ ಊಟ ಎಂಟಕ್ಕೆ. ಎದ್ದಾಗ ಬಲಗಣ್ಣಿನ ಹಿಂದೆ ಸಣ್ಣ ಮಿಡಿತ, ಯಾರೋ ಒಳಗಿನಿಂದ ಬೆರಳಲ್ಲಿ ತಟ್ಟುತ್ತಿರುವ ಹಾಗೆ. ಮಾತ್ರೆ ಒಂದು. ಕಾಫಿ ಅರ್ಧ ಲೋಟ. ಹೊರಟೆ.

ಅದೇ ದಿನ, ಸಂಜೆ 4

ಮೊದಲ ಮೂರು ಟ್ರಿಪ್ ಸಲೀಸು. ನಾಲ್ಕನೆಯದರಲ್ಲಿ ಒಬ್ಬಾಕೆ ನನ್ನ ಹಿಂದಿನ ಸೀಟಿನಲ್ಲೇ ಬಂದು ಕೂತರು. ಸೆಂಟು. ಇಡೀ ಬಾಟಲಿ ಮೈಮೇಲೆ ಸುರಿದುಕೊಂಡು ಬಂದಿದ್ದರೇನೋ. ಕಿಟಕಿ ಪೂರ್ತಿ ತೆಗೆದೆ. ಎರಡು ಸ್ಟಾಪ್ ದಾಟುವಷ್ಟರಲ್ಲಿ ಬೆರಳು ಸುತ್ತಿಗೆಯಾಯಿತು. ಮಾತ್ರೆ ಇನ್ನೆರಡು. ಮನೆಗೆ ಬಂದು ವಾಂತಿ. ವಾಂತಿಯಾದ ಮೇಲೆ ಹತ್ತು ನಿಮಿಷ ಸುಖ. ಇಂಥ ಸುಖಕ್ಕೂ ಕೈಮುಗಿಯುವ ಹಾಗಾಗಿದೆ ಬಾಳು.

ಮಾರ್ಚ್ 9

ನರದ ಡಾಕ್ಟರಮ್ಮ ದಿನಾ ಬರೆದಿಡಲು ಹೇಳಿ ವಾರವಾಯಿತು. ಇವತ್ತು ತೋರಿಸಬೇಕಿತ್ತು. ತೋರಿಸಿದೆ — ಇದನ್ನಲ್ಲ, ಅವರಿಗಾಗಿಯೇ ಬರೆದ ಇನ್ನೊಂದು ಪುಸ್ತಕವನ್ನು. ಅದರಲ್ಲಿ ನಿದ್ದೆ, ಊಟ, ನೋವು ಎಲ್ಲ ಇದೆ. ಕಣ್ಣಿನ ವಿಷಯ ಇಲ್ಲ.

ಅವರು ಕೇಳಿದರು. "ನೋವು ಬರೋ ಮೊದಲು ಕಣ್ಣಿಗೆ ಏನಾದ್ರೂ ಕಾಣ್ಸುತ್ತಾ? ಹೊಳೆಯೋ ಗೆರೆ, ಮಸುಕು, ಹಾಗೆ?"

"ಇಲ್ಲ ಮೇಡಂ."

"ಕೆಲಸ ಏನು ಅಂದ್ರಿ?"

"ಬಸ್ ಓಡಿಸ್ತೀನಿ."

ಪೆನ್ನು ಕೆಳಗಿಟ್ಟು ನನ್ನ ಮುಖ ನೋಡಿದರು. "ನಿಜ ಹೇಳ್ತಿದ್ದೀರಿ ತಾನೆ?"

ಹೌದು ಅಂದೆ. ಹತ್ತೊಂಬತ್ತು ವರ್ಷ ಸ್ಟೇರಿಂಗ್ ಹಿಡಿದ ಕೈ. ಬೇರೆ ಏನೂ ಕಲಿತಿಲ್ಲ.

ಇಲ್ಲಾದರೂ ನಿಜ ಬರೆಯುತ್ತೇನೆ. ಕಳೆದ ವರ್ಷದಿಂದ ಕಾಣಿಸುತ್ತಿದೆ. ಮೊದಲು ಒಂದು ಚುಕ್ಕೆ. ಅದು ಗರಗಸದ ಹಲ್ಲಿನಂಥ ಗೆರೆಯಾಗುತ್ತದೆ, ಹೊಳೆಯುತ್ತದೆ, ಕುದಿಯುತ್ತದೆ, ಎಡಕ್ಕೆ ಸರಿಯುತ್ತದೆ. ಸರಿದಲ್ಲೆಲ್ಲ ಲೋಕವನ್ನು ಒರೆಸಿಕೊಂಡು ಹೋಗುತ್ತದೆ. ಕತ್ತಲೆಯಲ್ಲ. ಏನೂ ಇಲ್ಲ, ಅಷ್ಟೆ. ಇಪ್ಪತ್ತು ನಿಮಿಷ, ಇಪ್ಪತ್ತೈದು. ಆಮೇಲೆ ನೋವು. ಇದುವರೆಗೆ ರಜೆಯ ದಿನ ಮನೆಯಲ್ಲೇ ಬಂದಿದೆ. ಸ್ಟೇರಿಂಗ್ ಮುಂದೆ ಬಂದಿಲ್ಲ.

ಮಾರ್ಚ್ 17

ಬಂತು.

ಬೆಳಿಗ್ಗೆ ಹತ್ತೂಕಾಲು. ಗ್ರಂಥಾಲಯದ ಸ್ಟಾಪಿಗೆ ಸ್ವಲ್ಪ ಹಿಂದೆ. ಎಡಗಡೆ ಕನ್ನಡಿ ಇದ್ದಕ್ಕಿದ್ದಂತೆ ಇಲ್ಲ. ಕನ್ನಡಿ ಬಿದ್ದುಹೋಯಿತೇನೋ ಅಂದುಕೊಂಡೆ — ಅಷ್ಟು ದಡ್ಡ ನಾನು. ಆಮೇಲೆ ಫುಟ್‌ಪಾತೂ ಹೋಯಿತು. ಹೇಗೋ ಬದಿಗೆ ತಂದು ನಿಲ್ಲಿಸಿ, ಸ್ಟೇರಿಂಗ್ ಮೇಲೆ ಹಣೆಯಿಟ್ಟೆ.

ಕಂಡಕ್ಟರ್ ಬಂದು ಬಗ್ಗಿ ನೋಡಿದರು. ಡಿಪೋದಲ್ಲಿ ಎಲ್ಲರೂ ಅವರನ್ನು ಮಾವ ಅಂತಲೇ ಕರೆಯುವುದು. ಒಂಬತ್ತು ವರ್ಷದಿಂದ ನಾವಿಬ್ಬರೂ ಒಂದೇ ಬಸ್ಸಿನಲ್ಲಿ. ಮೂರೂವರೆ ತಿಂಗಳಿಗೆ ರಿಟೈರ್.

"ಏನೋ ಇದು?"

"ಎಡಗಡೆ ಕಾಣ್ತಿಲ್ಲ ಮಾವ."

ನನ್ನ ಕಣ್ಣನ್ನೇ ನೋಡಿದರು. ಆಮೇಲೆ ಹಿಂದಕ್ಕೆ ತಿರುಗಿ, ಊರಿಗೇ ಕೇಳುವ ದನಿಯಲ್ಲಿ: "ಎಂಜಿನ್ ಬಿಸಿಯಾಗಿದೆ! ತಣ್ಣಗಾಗೋವರೆಗೂ ಯಾರೂ ಗೊಣಗಬಾರದು. ಗೊಣಗಿದ್ರೆ ಇನ್ನೂ ಬಿಸಿಯಾಗುತ್ತೆ!"

ಜನ ನಕ್ಕರು. ಮಾವ ಟ್ರಿಪ್ ಶೀಟಿನಲ್ಲಿ ಹಾಗೇ ಬರೆದರು. ಕೆಳಗೆ ಸಹಿ.

ಮಾರ್ಚ್ 25

ಪರಿಹಾರ ಹೇಳದವರು ಯಾರೂ ಇಲ್ಲ. ಅತ್ತಿಗೆ ಶುಂಠಿ ಅರೆದು ಹಣೆಗೆ ಹಚ್ಚು ಅಂದರು. ಹಚ್ಚಿದೆ. ಒಳಗೆ ನೋವು, ಹೊರಗೆ ಉರಿ. ಡಿಪೋ ಮೆಕ್ಯಾನಿಕ್ ಟವೆಲ್ ಬಿಗಿದು ಕಟ್ಟು ಅಂದ, "ಸೋರೋ ಪೈಪಿಗೆ ಕ್ಲಾಂಪ್ ಹಾಕ್ದಂಗೆ." ಮ್ಯಾನೇಜರ್: "ನಂಗೂ ತಲೆ ನೋಯುತ್ತೆ ಕಣ್ರೀ, ನಾನೇನು ರಜೆ ಹಾಕ್ತೀನಾ?"

ನಿಜಕ್ಕೂ ಆಗಿಬರುವುದು ಮೂರೇ. ಬಕೆಟಿನಲ್ಲಿ ಬಿಸಿನೀರು ತುಂಬಿ ಕಾಲಿಡುವುದು, ಕತ್ತಿನ ಹಿಂದೆ ಐಸು, ಕತ್ತಲೆ. ಹೆಂಡತಿ ಕೋಣೆಯ ಕಿಟಕಿಗೆ ಕಂಬಳಿ ಹೊಡೆದಿದ್ದಾಳೆ, ಮೊಳೆ ಹೊಡೆದು. ಈರುಳ್ಳಿ ಹುರಿಯುವುದು ಬಿಟ್ಟು ಎಷ್ಟು ಕಾಲವಾಯಿತೋ. ಅವಳಿಗೆ ಅದು ಇಷ್ಟವಿತ್ತು ಅನ್ನುವುದು ಇವತ್ತು ನೆನಪಾಯಿತು.

ಏಪ್ರಿಲ್ 2

ಮಗಳ ಶಾಲೆಗೆ ಕರೆಸಿದ್ದರು. ಹದಿಮೂರು ವರ್ಷ, ಓದಿನಲ್ಲಿ ಏನೂ ತೊಂದರೆಯಿಲ್ಲ. ಟೀಚರ್ ಹೇಳಿದ್ದು ಬೇರೆ. "ಗಟ್ಟಿಯಾಗಿ ಮಾತೇ ಆಡಲ್ಲ. ಓದು ಅಂದ್ರೆ ತುಟಿ ಅಲ್ಲಾಡುತ್ತೆ, ದನಿ ಕೇಳಲ್ಲ. ಭಯವಾ ಅಂತ ಕೇಳ್ದೆ. ಇಲ್ಲ, ನಮ್ಮನೇಲಿ ಹೀಗೇ ಮಾತಾಡೋದು ಅಂದ್ಳು."

ದಾರಿಯುದ್ದಕ್ಕೂ ಅವಳ ಕೈ ಹಿಡಿದುಕೊಂಡು ಬಂದೆ. ಏನಾದರೂ ಹೇಳಬೇಕಿತ್ತು. ಬಿಸಿಲು ಜಾಸ್ತಿ ಇತ್ತು. ಕಣ್ಣು ಕಿರಿದು ಮಾಡಿಕೊಂಡು ನಡೆದೆ, ಅಷ್ಟೆ.

ಏಪ್ರಿಲ್ 6

ಡಾಕ್ಟರಮ್ಮ ಕೇಳಿದರು, ತಿಂಗಳಿಗೆ ಎಷ್ಟು ದಿನ ಮಾತ್ರೆ ನುಂಗುತ್ತೀರಿ. ಹತ್ತು ಅಂದೆ. ಪಕ್ಕದಲ್ಲಿದ್ದ ಹೆಂಡತಿ ತಲೆ ತಗ್ಗಿಸಿಕೊಂಡೇ ಅಂದಳು: "ಇಪ್ಪತ್ತೈದು ಮೇಡಂ. ಮಾತ್ರೆಯ ಖಾಲಿ ಸ್ಟ್ರಿಪ್ ಎಲ್ಲಾ ಕಸದ ಬುಟ್ಟೀಲಿ ಸಿಗುತ್ತೆ."

"ಹಾಗಾದ್ರೆ ಈಗ ಮಾತ್ರೇನೇ ನೋವು ತರ್ತಿದೆ. ಪೂರ್ತಿ ಬಿಡಬೇಕು. ಮೊದಲ ಹತ್ತು ದಿನ ಕಷ್ಟ ಆಗುತ್ತೆ. ರಜೆ ಹಾಕಿ."

ಕಷ್ಟ ಅಂತ ಎಷ್ಟು ಹಗುರವಾಗಿ ಅಂದುಬಿಟ್ಟರು.

ಏಪ್ರಿಲ್ 18

ಹನ್ನೆರಡು ದಿನ ಬರೆಯಲಿಲ್ಲ. ಬರೆಯಲಾಗಲಿಲ್ಲ. ಕಂಬಳಿಯ ತೂತಿನಿಂದ ಸೂಜಿಯಷ್ಟು ಬೆಳಕು ಬರುತ್ತಿತ್ತು. ಅದು ಗೋಡೆಯ ಮೇಲೆ ಸರಿಯುವುದನ್ನು ನೋಡದೆ ಇರಲೂ ಆಗುತ್ತಿರಲಿಲ್ಲ, ನೋಡಲೂ ಆಗುತ್ತಿರಲಿಲ್ಲ. ಒಂದು ದಿನ ಹೆಂಡತಿಗೆ ಹೇಳಿದೆನಂತೆ, ತಲೆ ತೆಗೆದು ಹೊರಗಿಡು ಅಂತ. ನನಗೆ ನೆನಪಿಲ್ಲ. ಅವಳಿಗಿದೆ.

ಇವತ್ತು ಎದ್ದು ಮುಖ ಕ್ಷೌರ ಮಾಡಿಕೊಂಡೆ. ನಾಳೆ ಡ್ಯೂಟಿ.

ಏಪ್ರಿಲ್ 26. ಮಧ್ಯಾಹ್ನ 2

ಬರೆಯಲು ಮನಸ್ಸಿಲ್ಲ. ಆದರೂ ಬರೆಯಬೇಕು.

ಮಾರುಕಟ್ಟೆ ಬಿಟ್ಟಾಗ ಚುಕ್ಕೆ ಶುರುವಾಯಿತು. ಆಗಲೇ ಹನ್ನೊಂದು ನಿಮಿಷ ತಡ. ಹಿಂದಿನ ಸಲ ನಿಲ್ಲಿಸಿದ್ದಕ್ಕೆ ಮೆಮೊ ಬಂದಿತ್ತು. ಇನ್ನು ಮೂರೇ ಸ್ಟಾಪ್. ಈ ರಸ್ತೆ ಕಣ್ಣು ಮುಚ್ಚಿದರೂ ಗೊತ್ತು ಅಂದುಕೊಂಡೆ. ಹಾಗೇ ಅಂದುಕೊಂಡೆ, ಇದೇ ಮಾತು.

ಮಾವ ಹಿಂಬಾಗಿಲಿನಿಂದ ಕಿರುಚಿದರು. ಬ್ರೇಕ್ ಹಾಕಿದೆ. ಇಳಿದು ಎಡಕ್ಕೆ ಬಂದರೆ ಸೈಕಲ್ ಅಡ್ಡ ಬಿದ್ದಿದೆ, ಮೊಟ್ಟೆಯ ಟ್ರೇ ಒಡೆದು ರಸ್ತೆಯೆಲ್ಲ ಹಳದಿ. ಒಬ್ಬ ಹೆಂಗಸು ಕೂತಿದ್ದಾರೆ. ಅಂಗೈ ತರಚಿದೆ, ಬೇರೇನೂ ಆಗಿಲ್ಲ. ಅವರ ತಲೆಗೂ ಹಿಂದಿನ ಚಕ್ರಕ್ಕೂ ನಡುವೆ ಎರಡು ಗೇಣು. ಅವರು ಅದನ್ನು ನೋಡಲಿಲ್ಲ. ಮೊಟ್ಟೆ ನೋಡಿಕೊಂಡು ಅಳುತ್ತಿದ್ದರು. ಆಮೇಲೆ ನನ್ನ ಕಡೆ ತಿರುಗಿದರು.

"ಕಣ್ಣು ಕಾಣಲ್ವೇನ್ರೀ ನಿಮಗೆ?"

ಎಲ್ಲರೂ ಎಲ್ಲರಿಗೂ ದಿನಾ ಬೈಯುವ ಬೈಗುಳ. ನಾನು ಬಗ್ಗಿ ಸೈಕಲ್ ಎತ್ತಿ ನಿಲ್ಲಿಸಿದೆ.

ಮಾವ ಅವರನ್ನು ಎಬ್ಬಿಸಿ, ಕೈ ತೊಳೆಸಿ, ಸಮಾಧಾನ ಮಾಡಿ ಕಳಿಸಿದರು. ಟ್ರಿಪ್ ಶೀಟಿನಲ್ಲಿ: ಸೈಕಲ್ ಅಡ್ಡ ಬಂತು. ಸಹಿ.

ಏಪ್ರಿಲ್ 27

ಡಿಪೋ ಹಿಂದೆ, ಟೈರ್ ರಾಶಿಯ ನೆರಳಲ್ಲಿ ಮಾವನನ್ನು ಕೂರಿಸಿಕೊಂಡೆ. "ಹೇಳ್ಬಿಡ್ತೀನಿ ಮಾವ. ಇನ್ನು ಆಗಲ್ಲ."

"ಎರಡು ತಿಂಗಳು. ಎರಡೇ ತಿಂಗಳು ತಡ್ಕೋ. ನಾನು ಮನೆಗೆ ಹೋಗ್ತೀನಿ, ಆಮೇಲೆ ಯಾರಿಗೆ ಬೇಕಾದ್ರೂ ಹೇಳು."

"ಆ ಹೆಂಗಸಿನ ತಲೆ..."

"ನೋಡಿದೀನಪ್ಪಾ! ನಿನಗೆ ಕಾಣ್ಲಿಲ್ಲ, ನಾನು ನೋಡಿದೀನಿ. ನಿನ್ನೆಯಿಂದ ಅದೇ ಕಣ್ಮುಂದೆ ಇದೆ." ದನಿ ಇಳಿಯಿತು. "ಎರಡು ಕಡೆ ಸಹಿ ಹಾಕಿದೀನಿ ಕಣೋ."

ಸರಿ ಅಂದೆ. ಹೆಗಲು ತಟ್ಟಿ ಎದ್ದುಹೋದರು. ನಡೆಯುವಾಗ ಮೊಣಕಾಲು ಹಿಡಿಯುತ್ತದೆ ಅವರಿಗೆ. ಮೂವತ್ತೈದು ವರ್ಷ ಓಡುವ ಬಸ್ಸಿನಲ್ಲಿ ನಿಂತ ಕಾಲು.

ಮೇ 4

ಡಾಕ್ಟರಮ್ಮನಿಗೆ ಈ ಪುಸ್ತಕವನ್ನೇ ಕೊಟ್ಟೆ. ಮಾರ್ಚ್ 9, ಮಾರ್ಚ್ 17ರ ಕಣ್ಣಿನ ಸಾಲುಗಳು, ಏಪ್ರಿಲ್ 26. ಅಷ್ಟನ್ನೇ ಬೆರಳಿಟ್ಟು ತೋರಿಸಿದೆ. ಮಾವನಿಗೆ ಹೇಳಿರಲಿಲ್ಲ. ಹೇಳಿದ್ದರೆ ತಡೆಯುತ್ತಿದ್ದರು, ನಾನೂ ನಿಲ್ಲುತ್ತಿದ್ದೆ.

ನಿಧಾನವಾಗಿ ಓದಿದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಇದನ್ನ ಓದಿದ ಮೇಲೆ ಓದೇ ಇಲ್ಲ ಅಂತ ನಾನಿರೋಕಾಗಲ್ಲ. ಗೊತ್ತಲ್ವಾ?"

"ಗೊತ್ತು ಮೇಡಂ. ಅದಕ್ಕೇ ತಂದೆ."

ಡಿಪೋಗೆ ಪತ್ರ ಬರೆದರು. ಓಡಿಸಲು ಅರ್ಹನಲ್ಲ. ಐದು ಸಾಲು. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆ. ಹಗುರ ಅನ್ನಿಸಬೇಕಿತ್ತಲ್ಲ? ಅನ್ನಿಸಲಿಲ್ಲ.

ಮೇ 21

ಕಳೆದುಹೋದ ವಸ್ತುಗಳ ಕೋಣೆಗೆ ಹಾಕಿದ್ದಾರೆ. ಡಿಪೋದ ನೆಲಮಹಡಿ. ಕಿಟಕಿಯಿಲ್ಲ. ಕೊಡೆಗಳು, ಒಂಟಿ ಚಪ್ಪಲಿಗಳು, ಟಿಫನ್ ಡಬ್ಬಿಗಳು, ಯಾರದೋ ಹಲ್ಲುಸೆಟ್ಟು. ಟ್ಯೂಬ್‌ಲೈಟ್ ಒಂದು ಸದಾ ಪಟಪಟ ಅನ್ನುತ್ತದೆ. ಬದಲಾಯಿಸಿ ಅಂತ ಮೂರು ಸಲ ಬರೆದುಕೊಟ್ಟೆ. ಆರಿಸಿ ಕೂತರೆ ನಿದ್ದೆ ಮಾಡುತ್ತಿದ್ದಾನೆ ಅಂತ ದೂರು. ವಾರಕ್ಕೆ ಎರಡಿದ್ದ ನೋವು ಈಗ ನಾಲ್ಕು.

ಮೆಕ್ಯಾನಿಕ್ ಬಾಗಿಲಲ್ಲಿ ಇಣುಕಿದ. "ನಿನ್ನ ತಲೆ ಯಾರಾದ್ರೂ ಬಸ್ಸಲ್ಲಿ ಬಿಟ್ಟುಹೋಗಿದಾರಾ ನೋಡು, ಇಲ್ಲೇ ಇರ್ಬೋದು."

ನಕ್ಕೆ. ನಕ್ಕರೂ ನೋಯುತ್ತದೆ.

ಮೇ 30

ಮಾವನನ್ನು ಡ್ಯೂಟಿಯಿಂದ ಇಳಿಸಿದರು. ವಿಚಾರಣೆಯಂತೆ.

ನಾನು ಹೆಸರು ಎತ್ತಿರಲಿಲ್ಲ. ಡಾಕ್ಟರ ಪತ್ರದಲ್ಲೂ ಇರಲಿಲ್ಲ. ಎತ್ತುವ ಅಗತ್ಯವೇ ಇಲ್ಲ ಅನ್ನುವುದು ನನಗೆ ಹೊಳೆಯಲಿಲ್ಲ, ಅಷ್ಟೆ. ಪತ್ರ ನೋಡಿದವರು ನನ್ನ ಹಳೆಯ ಟ್ರಿಪ್ ಶೀಟುಗಳನ್ನು ತೆಗೆದರು. ಮಾರ್ಚ್ 17, ಎಂಜಿನ್ ಬಿಸಿ. ವರ್ಕ್‌ಶಾಪ್ ಪುಸ್ತಕದಲ್ಲಿ ಆ ದಿನ ಆ ಬಸ್ಸಿಗೆ ಏನೂ ಆಗಿಲ್ಲ. ಏಪ್ರಿಲ್ 26, ಸೈಕಲ್. ಎರಡಕ್ಕೂ ಒಂದೇ ಸಹಿ.

ಗೇಟಿನ ಹತ್ತಿರ ಎದುರಾದರು. ಮುಖ ತಿರುಗಿಸಿಕೊಂಡು ಹೋಗುತ್ತಾರೆ ಅಂದುಕೊಂಡೆ. ನಿಂತರು.

"ನನಗೆ ಒಂದ್ಮಾತು ಹೇಳಿ ಹೋಗ್ಬೋದಿತ್ತಲ್ಲೋ."

ಅಷ್ಟೇ ಅಂದರು. ಬೈದಿದ್ದರೆ ಚೆನ್ನಾಗಿತ್ತು.

ಜೂನ್ 15

ಮಧ್ಯೆ ಬರೆದಿಲ್ಲ. ಆರು ದಿನ ಕಂಬಳಿಯ ಹಿಂದೆ. ಹೊಸ ಔಷಧಿ ಹಿಡಿಯಲು ಇನ್ನೂ ಒಂದು ತಿಂಗಳು ಬೇಕಂತೆ.

ಇವತ್ತು ಧೈರ್ಯ ಮಾಡಿ ಮಾವನ ಮನೆಗೆ ಹೋದೆ. ಅತ್ತೆ ಬಾಗಿಲು ತೆಗೆದರು, ನೀರು ತಂದಿಟ್ಟು ಒಳಗೆ ಹೋದರು. ಮಾವ ಬಟ್ಟೆ ಮಡಿಸುತ್ತ ಕೂತಿದ್ದರು. ಅವರು ಮನೆಯಲ್ಲಿ ಸುಮ್ಮನೆ ಕೂತಿದ್ದನ್ನು ನಾನು ನೋಡಿಯೇ ಇರಲಿಲ್ಲ.

"ಸೋಮವಾರ ನನ್ನನ್ನ ಕರೆದಿದ್ದಾರೆ ಮಾವ. ನಿಮಗೆ ಏನೂ ಗೊತ್ತಿರಲಿಲ್ಲ ಅಂತೀನಿ. ನನ್ನ ಮಾತು ನಂಬಿ ಬರೆದ್ರು ಅಂತೀನಿ."

"ಬೇಡ."

"ಯಾಕೆ ಬೇಡ? ನನಗೆ ಇನ್ನೇನಾಗುತ್ತೆ?"

"ನಾನು ನಿನ್ನೇನೇ ಹೇಳ್ಬಿಟ್ಟೆ, ಗೊತ್ತಿತ್ತು ಅಂತ." ಅಂಗಿಯ ತೋಳು ನೀವಿ ಮಡಿಸಿದರು. "ಆಯಮ್ಮ ಅಲ್ಲಿ ಕೂತು ಅತ್ತಿದ್ದು ನಂಗೂ ಕೇಳಿಸ್ತು. ಇನ್ನೊಂದು ಸುಳ್ಳು ನನ್ನ ಕೈಲಾಗಲ್ಲ ಕಣೋ."

ಏನಾಗುತ್ತದೆ ಅಂತ ಕೇಳಿದೆ. ಈ ತಿಂಗಳ ಕೊನೆಗೆ ಹೇಗೂ ಮುಗಿಯುತ್ತದೆ. ಮತ್ತೆ ಬಸ್ಸು ಹತ್ತಿಸುವುದಿಲ್ಲ, ಬೀಳ್ಕೊಡುಗೆ ಇಲ್ಲ, ಸರ್ವಿಸ್ ಪುಸ್ತಕದಲ್ಲಿ ಕೆಂಪು ಷರಾ. ಇದಿಷ್ಟನ್ನೂ ಬೇರೆ ಯಾರದೋ ಸುದ್ದಿ ಹೇಳುವ ಹಾಗೆ ಹೇಳಿದರು.

ಕ್ಷಮಿಸಿ ಅನ್ನಲು ಹೋಗಿದ್ದೆ. ಅನ್ನದೆ ಬಂದೆ.

ಜೂನ್ 29. ಸಂಜೆ 5-40

ಮಾವನ ಕೊನೆಯ ದಿನ. ಮಧ್ಯಾಹ್ನ ಅವರೇ ನನ್ನ ಕೋಣೆಗೆ ಬಂದರು, ಮಾಮೂಲಿ ಅಂಗಿಯಲ್ಲಿ. ಯೂನಿಫಾರಂ ವಾಪಸ್ ಕೊಟ್ಟಾಗಿತ್ತು.

"ಬಾ, ಒಂದು ರೌಂಡ್ ಹೋಗಿ ಬರೋಣ."

ನಮ್ಮದೇ ಬಸ್ಸು. ಡ್ರೈವರ್, ಕಂಡಕ್ಟರ್ ಇಬ್ಬರೂ ಹೊಸಬರು. ನಮ್ಮ ಪರಿಚಯವಿಲ್ಲ. ಮಾವ ನಮ್ಮಿಬ್ಬರಿಗೂ ಟಿಕೆಟ್ ಕೇಳಿದರು. ಕೇಳುವಾಗ ನಾಲಿಗೆ ಸ್ವಲ್ಪ ತೊದಲಿತು. ಮೂವತ್ತೈದು ವರ್ಷ ಕೊಟ್ಟವರು. ಕಿಟಕಿ ಪಕ್ಕ ಕೂತು ಸ್ಟಾಪ್ ಬಂದಾಗಲೆಲ್ಲ ಅರ್ಧ ಎದ್ದು, ಮತ್ತೆ ಕೂರುತ್ತಿದ್ದರು. ನಾನು ಇಲ್ಲದ ಬ್ರೇಕ್ ಒತ್ತುತ್ತಿದ್ದೆ. ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಳ್ಳಲಿಲ್ಲ.

ವಾಪಸ್ ಬರುವಾಗ ಮರಗಳ ನಡುವಿನಿಂದ ಬಿಸಿಲು ಮುಖಕ್ಕೆ ಹೊಡೆಯಿತು, ಬೆಳಕು, ನೆರಳು, ಬೆಳಕು, ನೆರಳು. ಕಣ್ಣು ಮುಚ್ಚಿದೆ. ಮಾವ ಟವೆಲ್ ತೆಗೆದು ನನ್ನ ಮುಖಕ್ಕೆ ಅಡ್ಡ ಹಿಡಿದರು. ತಡವಾಗಿತ್ತು. ಚುಕ್ಕೆ ಆಗಲೇ ಬಂದಿತ್ತು. ಹೇಳಲಿಲ್ಲ.

ಅವರ ಸ್ಟಾಪ್. ಎದ್ದು ನಿಂತು ಕೇಳಿದರು, "ನಾಳೆಯಿಂದ ಏನ್ಮಾಡ್ತೀಯ?"

"ಅದೇ ಕೋಣೆ ಮಾವ. ನೀವು?"

"ನಾನು..." ಅಂದರು. ಟವೆಲ್ ಹೆಗಲಿಗೆ ಹಾಕಿಕೊಂಡರು. ಇಳಿದರು.

ಬಸ್ಸು ಹೊರಟಿತು. ಕಿಟಕಿಯಿಂದ ತಲೆ ಹೊರಹಾಕಿ ಕೂಗಿದೆ: "ಮಾವಾ!" ಎಷ್ಟು ಗಟ್ಟಿಯಾಗಿ ಕೂಗಿದೆನೆಂದರೆ ತಲೆ ಸೀಳಿದಂತಾಯಿತು. ಅವರು ನಿಂತು ತಿರುಗಿದರು. ಅಷ್ಟರಲ್ಲಿ ಎಡಗಡೆಯೆಲ್ಲ ಅಳಿಸಿಹೋಗಿತ್ತು. ಅವರ ಒಂದು ಪಕ್ಕ ಮಾತ್ರ ಕಂಡಿತು, ಅರ್ಧ ಮುಖ, ಜೇಬಿನಲ್ಲಿಟ್ಟ ಎಡಗೈ. ಇನ್ನೊಂದು ಕೈಯನ್ನು ನನಗಾಗಿ ಎತ್ತಿದರೋ ಇಲ್ಲವೋ —