ನನ್ನ ಅಮ್ಮ ಹಿತ್ತಿಲ ಬಾಗಿಲಿನಿಂದ ಹೋಗುವವಳಲ್ಲ

ಮಾನ್ಯ ಪಾರಂಪರಿಕ ವಲಯಾಧಿಕಾರಿಗಳೇ,

ನನ್ನ ಅಮ್ಮ ಸಾಯುವುದನ್ನು ಮುಂದೂಡಿದ್ದಾಳೆ. ಕಾರಣ ನೀವು. ಆಕೆಗೆ ಎಂಬತ್ತು ದಾಟಿದೆ, ಎದೆಯಲ್ಲಿ ನೀರು ತುಂಬಿದೆ, ಆಸ್ಪತ್ರೆಗೆ ಸೇರಿಸಿ ಎಂದು ವೈದ್ಯರು ಬೈದು ಹೋಗಿದ್ದಾರೆ. ಆಕೆ ಒಪ್ಪುತ್ತಿಲ್ಲ. ಆಸ್ಪತ್ರೆಯಲ್ಲಿ ಪ್ರಾಣ ಹೋದರೆ ಹೆಣವನ್ನು ಹೊಸ್ತಿಲೊಳಗೆ ತರುವಂತಿಲ್ಲ. ಅದು ನಮ್ಮ ಹೊಕ್ಕಿಯನ್ ಚೀನೀ ಮಂದಿಯ ಕಟ್ಟಳೆ. ಮನೆಯಲ್ಲಿ ಪ್ರಾಣ ಹೋದರೆ ಹೆಣವನ್ನು ಮುಂಬಾಗಿಲಿನಿಂದ ಹೊರಗೆ ಒಯ್ಯುವಂತಿಲ್ಲ. ಅದು ನಿಮ್ಮ ಕಚೇರಿಯ ಕಟ್ಟಳೆ. ಅತ್ತ ದರಿ, ಇತ್ತ ಪುಲಿ. ನಡುವೆ ನನ್ನ ಅಮ್ಮ ಬೆತ್ತದ ಕುರ್ಚಿಯಲ್ಲಿ ಕೂತು ಏದುಸಿರು ಬಿಡುತ್ತಿದ್ದಾಳೆ.

ನಿಮಗೆ ಮರೆತಿರಬಹುದು. ಕಡತಗಳ ರಾಶಿಯಲ್ಲಿ ಒಂದು ಹೆಣ ಯಾವ ಲೆಕ್ಕ? ಆದ್ದರಿಂದ ನೆನಪಿಸುತ್ತೇನೆ. ಕಳೆದ ವರ್ಷ ನೀವು ನಮ್ಮ ಹಗ್ಗದವರ ಬೀದಿಯಲ್ಲಿ 'ಕೆಂಪು ಲಾಟೀನು ಪಾಕ್ಷಿಕ' ಎಂಬ ಹಬ್ಬವನ್ನು ಕಂಡುಹಿಡಿದಿರಿ. ಕಂಡುಹಿಡಿದಿರಿ ಎಂದೇ ಬರೆಯುತ್ತೇನೆ, ಏಕೆಂದರೆ ನಾಲ್ಕು ತಲೆಮಾರಿನಿಂದ ಇಲ್ಲಿರುವ ನಮಗೆ ಅಂಥದೊಂದು ಹಬ್ಬ ಇರುವುದು ಗೊತ್ತೇ ಇರಲಿಲ್ಲ. ಮನೆ ಮನೆಗೂ ಪ್ಲಾಸ್ಟಿಕ್ಕಿನ ಲಾಟೀನು ಕಟ್ಟಿಸಿದಿರಿ. ಹಿಂದೆ ಹಡಗಿನ ಹಗ್ಗ ಮಾರುತ್ತಿದ್ದ, ಈಗ ನಾನು ಕಾಫಿ ಮಾರುವ ನಮ್ಮ ಅಂಗಡಿಯ ಮುಂದೆ 'ಜೀವಂತ ಪರಂಪರೆ' ಎಂಬ ಹಲಗೆ ನೆಟ್ಟಿರಿ. ಆ ಹಬ್ಬದ ನಟ್ಟನಡುವೆ ನನ್ನ ಅಪ್ಪ ಯಾಪ್ ತೇಕ್ ಚೆಂಗ್ ತೀರಿಕೊಂಡರು. ಜೀವಂತ ಪರಂಪರೆ ಎಂದಮೇಲೆ ನಾವು ಸಾಯಬಾರದಿತ್ತೇನೋ, ತಪ್ಪಾಯಿತು.

ಉಸಿರಿರುವಾಗಲೇ ಅಪ್ಪನನ್ನು ಆಸ್ಪತ್ರೆಯಿಂದ ಮನೆಗೆ ತಂದೆವು. ದಾರಿಯುದ್ದಕ್ಕೂ ನನ್ನ ತಮ್ಮ ಸೆಂಗ್, ಅಪ್ಪನ ಕಿವಿಯಲ್ಲಿ, "ಅಪ್ಪಾ, ಇನ್ನೊಂದೇ ತಿರುವು, ಉಸಿರು ಬಿಡ್ಬೇಡ, ಮನೆ ಬಂತು" ಎನ್ನುತ್ತಲೇ ಇದ್ದ. ಅಪ್ಪ ಅವನ ಮಾತು ನಡೆಸಿಕೊಟ್ಟರು. ನಡುಮನೆಯಲ್ಲಿ, ಬಾಗಿಲಿನತ್ತ ಮುಖ ಮಾಡಿ ಹೋದರು. ನಾವು ಮಾಡಬೇಕಾದ್ದು ಮಾಡಿದೆವು. ಸಾವಿನ ಮನೆಯಲ್ಲಿ ಕೆಂಪು ಕಾಣಬಾರದು, ಹಾಗಾಗಿ ನಿಮ್ಮ ಲಾಟೀನುಗಳಿಗೆ ಬಿಳಿ ಕಾಗದ ಸುತ್ತಿ, ಮನೆತನದ ಹೆಸರಿನ ಬಿಳಿ ಲಾಟೀನು ತೂಗುಹಾಕಿದೆವು. ಬಂದವರಿಗೆ ಕಡಲೆಕಾಯಿ ಇಟ್ಟೆವು. ಸಾವಿನ ಸೋಂಕು ಅವರ ಮನೆಗೆ ಹೋಗದಿರಲೆಂದು, ಹೊರಡುವಾಗ ತೆಗೆದುಕೊಳ್ಳಲು ಮಾತ್ರ, ಕೆಂಪು ದಾರ, ಒಂದು ಮಿಠಾಯಿ ತಟ್ಟೆಯಲ್ಲಿಟ್ಟೆವು.

ಅಷ್ಟರಲ್ಲಿ ನಿಮ್ಮ ಸಿಬ್ಬಂದಿಯೊಬ್ಬ ಏಣಿ ಹೊತ್ತು ಬಂದ. ನಮ್ಮ ಜನವೇ, ಪಕ್ಕದ ಬೀದಿಯವನೇ. ಹೆಸರು ಬರೆಯುವುದಿಲ್ಲ, ಅವನ ತಾಯಿ ನನ್ನ ಗೆಳತಿ.

"ಅಕ್ಕಾ, ಈ ಬಿಳಿ ಕಾಗದ ತೆಗೀಬೇಕಂತೆ. ಹಬ್ಬ ಮುಗಿಯೋವರೆಗೂ ಬೀದಿ ಪೂರ್ತಿ ಕೆಂಪಗಿರ್ಬೇಕಂತ ಆರ್ಡರು."

"ಒಳಗೆ ಯಾರು ಮಲಗಿದ್ದಾರೆ ನೋಡಿದ್ಯೇನೋ?"

"ನೋಡ್ದೆ ಅಕ್ಕ. ನಾನೇನ್ ಮಾಡ್ಲಿ? ಮೇಲಿನೋರು ಹೇಳಿದ್ದು."

ಎದುರುಮನೆಯ ಕ್ಷೌರಿಕ ಕೀ ತ್ಯಾಮ್ ಕಡಲೆಕಾಯಿ ಸುಲಿಯುತ್ತಲೇ ಕೇಳಿದ: "ಮೇಲಿನೋರು ಅಂದ್ರೆ ಯಾರಪ್ಪಾ, ಸ್ವರ್ಗದೋರಾ? ಅಲ್ಲಿಗೆ ಹೊರಟಿರೋರು ಇಲ್ಲೇ ಇದ್ದಾರೆ. ಏನಾದ್ರೂ ಇದ್ರೆ ಹೇಳು, ಕೇಳ್ಕೊಂಡು ಬರ್ತಾರೆ."

ಹುಡುಗ ತಲೆ ತಗ್ಗಿಸಿ ಕಾಗದವನ್ನೆಲ್ಲ ಕಿತ್ತ, ಬಿಳಿ ಲಾಟೀನನ್ನೂ ಇಳಿಸಿದ. ಆಮೇಲೆ ಏಣಿ ಹೆಗಲಿಗೇರಿಸಿ ಎರಡು ಹೆಜ್ಜೆ ಹೋದವನು ಹಿಂದೆ ಬಂದು, ತಟ್ಟೆಯಿಂದ ಕೆಂಪು ದಾರ ತೆಗೆದು ಬೆರಳಿಗೆ ಸುತ್ತಿಕೊಂಡ, ಮಿಠಾಯಿ ಬಾಯಿಗೆ ಹಾಕಿಕೊಂಡ. ಇದು ಸಾವಿನ ಮನೆಯೆಂದು ನಿಮ್ಮ ಕಚೇರಿ ಒಪ್ಪಲಿಲ್ಲ, ನಿಮ್ಮ ಏಣಿಯವನು ಒಪ್ಪಿದ. ಇನ್ನು ನಿಮ್ಮ ಆದೇಶವನ್ನು ನಾನು ಹೇಗೆ ಗೌರವಿಸಲಿ?

ಬಿಳಿ ಲಾಟೀನು ಇಲ್ಲದ ಮನೆಗೆ ಪ್ರವಾಸಿಗರು ನುಗ್ಗಿದ್ದು ಅವರ ತಪ್ಪಲ್ಲ. ಟೋಪಿ ಹಾಕಿದ ಒಬ್ಬ ಹೆಂಗಸು ಶೋಕದ ಗೋಣಿಬಟ್ಟೆ ತೊಟ್ಟಿದ್ದ ಸೆಂಗ್‌ನನ್ನು, "ಪ್ರದರ್ಶನ ಎಷ್ಟು ಗಂಟೆಗೆ? ಸ್ವಲ್ಪ ಬೆಳಕಿಗೆ ಬಂದು ನಿಲ್ತೀರಾ?" ಎಂದು ಕೇಳಿದಳು. ಅವನು ಶವಪೆಟ್ಟಿಗೆಯತ್ತ ಕೈ ತೋರಿಸಿದ. ಆಕೆ ಅಲ್ಲೇ ಕೂತು ಅತ್ತಳು, ಕ್ಷಮೆ ಕೇಳಿದಳು, ಸಂಜೆಯವರೆಗೆ ನಮ್ಮ ಜೊತೆ ಕೂತಿದ್ದಳು. ಆಕೆಯ ಮೇಲೆ ನನಗೆ ಸಿಟ್ಟಿಲ್ಲ. ನೀವು ಹಂಚಿದ ನಕ್ಷೆಯಲ್ಲಿ ನಮ್ಮ ಮನೆ 'ಫೋಟೋ ತಾಣ'ವಾಗಿತ್ತು, ಆಕೆ ಅದನ್ನು ನಂಬಿ ಬಂದಿದ್ದಳು. ಅಲ್ಲ ಸ್ವಾಮಿ, ಯಾರನ್ನು ಕೇಳಿ ನಮ್ಮ ನಡುಮನೆಯನ್ನು ನಕ್ಷೆಗೆ ಹಾಕಿದಿರಿ?

ಹೆಣ ಎತ್ತುವ ದಿನ ನಮ್ಮ ಬಾಗಿಲಿಗೆ ಅಡ್ಡಲಾಗಿ ನಿಮ್ಮ ಸಿಂಹನೃತ್ಯದ ವೇದಿಕೆ ಇತ್ತು. ಅದನ್ನು ಒಂದು ಗಳಿಗೆ ಸರಿಸಿ ಎಂದು ನಿಮಗೇ ಫೋನು ಮಾಡಿ ಬೇಡಿದೆ. ಸಂದರ್ಶಕರಿಗೆ ಕಸಿವಿಸಿಯಾಗುತ್ತದೆ, ಹಿಂದಿನ ಗಲ್ಲಿಯಿಂದ ಒಯ್ಯಿರಿ ಎಂದಿರಿ. "ಎರಡೂ ಬಾಗಿಲೇ ಅಲ್ಲವೇ ಮೇಡಂ?" ಎಂದೂ ಸೇರಿಸಿದಿರಿ. ಹಿಂದಿನ ಗಲ್ಲಿ ಯಾತಕ್ಕಿತ್ತು ಎಂದು ನಿಮ್ಮ ಪಾರಂಪರಿಕ ಪುಸ್ತಕಗಳಲ್ಲಿ ಬರೆದಿಲ್ಲವೇ? ಮಲದ ಬಕೆಟ್ಟು ಹೊರುತ್ತಿದ್ದ ದಾರಿ ಅದು. ಮದುಮಗನಾಗಿ ಮುಂಬಾಗಿಲಿನಿಂದ ಹೆಂಡತಿಯನ್ನು ಕರೆತಂದ ಮನುಷ್ಯನನ್ನು, ಒಲೆ ದಾಟಿಸಿ, ಪಾತ್ರೆ ತೊಳೆಯುವ ಕಲ್ಲಿನ ಮೇಲೆ ವಾಲಿಸಿ, ಆ ದಾರಿಯಲ್ಲಿ ಕಳಿಸಿದೆವು. ಮುಂದಿನ ಬೀದಿಯಲ್ಲಿ ಡೋಲು ಬಡಿಯುತ್ತಿತ್ತು, ಜನ ಚಪ್ಪಾಳೆ ತಟ್ಟುತ್ತಿದ್ದರು.

ಇಲ್ಲಿಗೆ ಮುಗಿದಿದ್ದರೆ ನಾನು ಹಲ್ಲು ಕಚ್ಚಿಕೊಂಡು ಸುಮ್ಮನಿರುತ್ತಿದ್ದೆ. ಏಳನೆಯ ದಿನ ಸತ್ತವರು ಮನೆ ನೋಡಲು ಬರುತ್ತಾರೆ. ಅಮ್ಮ ಅವರಿಗಿಷ್ಟದ ಕೋಪಿ, ಅಂದರೆ ನಮ್ಮ ಕಪ್ಪು ಕಾಫಿ ಮಾಡಿಟ್ಟು, ಮುಂಬಾಗಿಲು ತೆರೆದಿಟ್ಟು ಮಲಗಿದಳು. ಬೆಳಿಗ್ಗೆ ನಾನೆದ್ದಾಗ ಅಡುಗೆಮನೆಯಲ್ಲಿ ಹಿಂಬಾಗಿಲಿನ ಚಿಲಕ ಹಿಡಿದು ನಿಂತಿದ್ದವಳು ನನ್ನ ಹೆಸರು ಹಿಡಿದು ಕರೆದಳು.

"ಹೂನ್, ಹೋದ ದಾರೀಲಿ ತಾನೇ ಬರೋದು? ನಾನು ದಿನಾ ಹಾಕೋ ಹಾಗೆ ಚಿಲಕ ಹಾಕ್ಬಿಟ್ಟಿದ್ದೆ ಕಣೇ. ಅವರು ಬಂದು, ಹೊರಗೇ ನಿಂತು, ಹೋಗ್ಬಿಟ್ರು."

ನಮ್ಮ ಮನೆಯಲ್ಲಿ ಯಾರಿಗೂ ಅದು ಹೊಳೆದಿರಲಿಲ್ಲ. ತಲೆತಲಾಂತರದಿಂದ ಎಲ್ಲರೂ ಮುಂದಿನಿಂದಲೇ ಹೋದವರು, ಹಾಗಾಗಿ ಮುಂದಿನದನ್ನೇ ತೆರೆದಿಟ್ಟೆವು. ಇದು ನಿಮಗೆ ಮೂಢನಂಬಿಕೆಯಾಗಿ ಕಾಣಬಹುದು. ಆದರೆ ಇದೇ ನಂಬಿಕೆಯನ್ನು ಹೊಳೆಯುವ ಕಾಗದದಲ್ಲಿ ಅಚ್ಚು ಹಾಕಿಸಿ ವಿಮಾನ ನಿಲ್ದಾಣದಲ್ಲಿ ಹಂಚುವವರೂ ನೀವೇ! ಹಂಚುವಾಗ ಸಂಸ್ಕೃತಿ, ನಾವು ಆಚರಿಸಿದರೆ ಅಡಚಣೆ. ಮೂಗಿಗಿಂತ ಮೂಗುತಿ ಭಾರವಾಯಿತು. ಅವತ್ತಿನಿಂದ ಅಮ್ಮ ಆ ಚಿಲಕ ಹಾಕಿಲ್ಲ. ಬೀದಿನಾಯಿಗಳು ಬಂದು ಮೀನು ಎಳೆದುಕೊಂಡು ಹೋಗುತ್ತವೆ, ನಾನು ಬೈಯುವುದಿಲ್ಲ.

ಪ್ರವಾಸಿಗರು ಬರಬಾರದೆಂದು ನಾನು ಹೇಳುತ್ತಿಲ್ಲ. ಬರಲಿ, ನನ್ನ ಅಂಗಡಿಯಲ್ಲೇ ಕೋಪಿ ಕುಡಿಯಲಿ. ಆದರೆ ಅವರು ನೋಡಲು ಬರುವುದು ನಮ್ಮನ್ನು ತಾನೇ? ಹುಟ್ಟದ, ಸಾಯದ, ಬರೀ ಲಾಟೀನಿನ ಕೆಳಗೆ ನಗುವ ಚೀನೀ ಕೇರಿ ಬೇಕಿದ್ದರೆ ಮೇಣದ ಬೊಂಬೆ ಮಾಡಿಸಿಡಿ, ನಾವು ಬೇರೆಡೆ ಹೋಗಿ ಮರ್ಯಾದೆಯಿಂದ ಸಾಯುತ್ತೇವೆ. ಅದಾಗದಿದ್ದರೆ ನನ್ನ ಬೇಡಿಕೆ ಇಷ್ಟೇ: ಹಿಂದಿನ ಗಲ್ಲಿಯ ಆ ಆದೇಶವನ್ನು ಲಿಖಿತವಾಗಿ ರದ್ದು ಮಾಡಿ. ಯಾವ ಮನೆಯಲ್ಲಿ ಸಾವಾದರೂ ಬಿಳಿ ಲಾಟೀನು ಉಳಿಯಬೇಕು, ಬಾಗಿಲ ಮುಂದಿನ ದಾರಿ ತೆರವಾಗಬೇಕು. ಈ ವರ್ಷದ ಹಬ್ಬ ಶುರುವಾಗುವ ಮೊದಲು, ಈ ವಾರದೊಳಗೆ ಮಾಡಿ. ಅಮ್ಮನಿಗೆ ಹೆಚ್ಚು ಸಮಯವಿಲ್ಲ.

ಈ ಪತ್ರವನ್ನು ಅವಳಿಗೆ ಓದಿ ಹೇಳಿದೆ. ಅವಳಿಗೆ ಹಿಡಿಸಲಿಲ್ಲ.

"ಇಷ್ಟುದ್ದ ಬೈದ್ರೆ ಯಾರೇ ಬರ್ತಾರೆ? ಕರೆದು ಬರಿ. ನನ್ನ ಸಾವಿಗೆ ಬನ್ನಿ ಅಂತ ಬರಿ. ಮುಂದಿನ ಬಾಗ್ಲಿಂದಾನೇ ಬರ್ಲಿ, ಕಡಲೆಕಾಯಿ ತಿನ್ಲಿ, ಕೆಂಪು ದಾರ ತಗೊಳ್ಳಿ. ಆಮೇಲೆ ನಾನು ಹೊರಡೋವಾಗ ಸ್ವಲ್ಪ ಪಕ್ಕಕ್ಕೆ ಸರ್ಕೊಳ್ಳಿ. ಅಷ್ಟೇ."

ಅವಳು ಹೇಳಿದಂತೆಯೇ ಬರೆದಿದ್ದೇನೆ. ದಯವಿಟ್ಟು ಬನ್ನಿ.

ಇಂತಿ,
ಹೆತ್ತ ತಾಯಿಯ ಹೆಣಕ್ಕೆ ಮುಂಗಡವಾಗಿ ದಾರಿ ಬೇಡುವ ಗತಿ ಬಂದ ಮಗಳು,
ಯಾಪ್ ಗೈಕ್ ಹೂನ್
ಹಗ್ಗದವರ ಬೀದಿ, ಮುಂಬಾಗಿಲು