ಗುಣಾಕಾರದ ಎಳೆ

ನಾರಾಯಣಪೇಟೆ
೧೪ ಜುಲೈ ೨೦೨೪

ಹರಿತಾಳ ಅಪ್ಪನಿಗೆ,

ನಮಸ್ಕಾರ. ಕಾಗದ ತಡವಾಯಿತು, ಸಿಟ್ಟಾಗಬೇಡಿ. ಇವತ್ತಾದರೂ ಫೋನ್ ಎತ್ತೀರಿ ಅಂತ ಕಾದೆ. ಗದ್ವಾಲದಲ್ಲಿ ರೇಷ್ಮೆ ನೇಯುವವರಿಗೆ ಕಿವಿ ಕೇಳಿಸುವುದಿಲ್ಲವೇನೋ! ನಿಮ್ಮ ಅವ್ವನ ಮೊಣಕಾಲು ಪರವಾಗಿಲ್ಲ. ನನಗೆ ಮಾತ್ರ ಕೂತಲ್ಲಿ ಕೂರಲಾಗುತ್ತಿಲ್ಲ. ಬಸ್ಸಿನ ಹಾರ್ನ್ ಕೇಳಿದರೆ ಬಾಗಿಲಿಗೆ ಹೋಗುತ್ತೇನೆ, ನನ್ನನ್ನೇ ಬೈದುಕೊಂಡು ಒಳಗೆ ಬರುತ್ತೇನೆ.

ಹರಿತಾ ಶಾಲೆಯಲ್ಲಿ ಗುಣಾಕಾರ ಕಲಿಯುತ್ತಿದ್ದಾಳೆ. "ಅವ್ವಾ, ಅದಕ್ಕ ಗುಣಾಕಾರ ಅಂತ ಯಾಕಂತಾರ?" ಅಂದಳು. ಒಳ್ಳೆ ಗುಣದವರ ಲೆಕ್ಕ ಇರಬೇಕು, ಅದಕ್ಕೇ ನಿಮ್ಮಪ್ಪನಿಗೆ ಬರುವುದಿಲ್ಲ ಅಂದೆ. ನಗಲಿಲ್ಲ. ಮರುದಿನ ಜಯತೀರ್ಥ ಮಾಸ್ತರರನ್ನೇ ಕೇಳಿಕೊಂಡು ಓಡಿ ಬಂದಳು. ಸಂಸ್ಕೃತದಲ್ಲಿ ಗುಣ ಅಂದರೆ ನೂಲಿನ ಎಳೆ ಅಂತಲೂ ಇದೆಯಂತೆ. ಎರಡೆಳೆ ಸೇರಿದ್ದು ದ್ವಿಗುಣ, ಮೂರೆಳೆಯದು ತ್ರಿಗುಣ. ಹಾಗೇ ಎರಡು ಪಟ್ಟು, ಮೂರು ಪಟ್ಟು ಅನ್ನುವ ಅರ್ಥ ಬಂದು ಲೆಕ್ಕಕ್ಕೂ ಅದೇ ಹೆಸರು ನಿಂತಿತಂತೆ. "ನಿಮ್ಮ ಮನ್ಯಾಗ ದಿನಾ ಮಾಡೂದು ಅದನ್ನ ಐತಿ ನೋಡು ಅಂದ್ರು ಸರ್" ಅಂತ ಮನೆ ತುಂಬಾ ಕುಣಿದಳು.

ಅಷ್ಟಕ್ಕೇ ಬಿಟ್ಟಳೇ? ನೇರ ಮಗ್ಗದ ಹತ್ತಿರ ಹೋದಳು. "ಹೊಸಾ ಹಾಸಿನ ಎಳಿ ಕೂಡಿಸಿ ಹುರಿ ಮಾಡಾಕ ಅಪ್ಪ ಹಳೇ ಎಳಿ ಎಲ್ಲಿ ಬಿಟ್ಟಾನ? ಒಂದೂ ಕಾಣವಲ್ದು!" ಅಂದಳು. ಇಲಿ ಕಡಿದವು ಅಂದೆ. ಅತ್ತೆ ನನ್ನ ಮುಖ ನೋಡಿ ಅವಳನ್ನು ಹೊರಗೆ ಕರೆದುಕೊಂಡು ಹೋದರು.

ಎಲ್ಲರೂ ಗದ್ವಾಲಕ್ಕೇ ಹೋಗಿ ಇರೋಣ ಅಂದಿರಿ. ನಾನು ಈ ಮಗ್ಗ ಬಿಟ್ಟು ಬರುವುದಿಲ್ಲ ಅಂದೆ, ಈಗಲೂ ಅನ್ನುತ್ತೇನೆ. ಹಾಗಂತ ನೀವಿಲ್ಲದೆ ಇರಬಲ್ಲೆ ಅಂತಲ್ಲ. ಬಂದು ಜಗಳವಾಡಿ, ಆಗಬಹುದು. ದೂರ ಕೂತು ಸುಮ್ಮನಿರುವುದನ್ನು ಮಾತ್ರ ತಾಳಲಾರೆ.

ಹೊತ್ತಿಗೆ ಸರಿಯಾಗಿ ಊಟ ಮಾಡಿ. ಜಮ್ಮುಲಮ್ಮ ತಾಯಿಯ ಗುಡಿ ಅಲ್ಲೇ ಹತ್ತಿರದಲ್ಲಿದೆ, ಆ ದೇವಿ ನಿಮ್ಮನ್ನು ಕಾಯಲಿ.

ನಿಮ್ಮ
ನವನೀತಾ

ತಾ.ಕ.: ಇಲಿ ಕಡಿದಿಲ್ಲ. ನೇಯ್ದ ಸೀರೆಯನ್ನು ಮಗ್ಗದಿಂದ ಇಳಿಸುವಾಗ ಫಣಿಯ ಹಲ್ಲುಗಳಲ್ಲಿ ಹಳೆಯ ಎಳೆಗಳ ತುದಿ ಬಿಡಬೇಕು, ಅದಕ್ಕೇ ಹೊಸ ಹಾಸಿನ ಉದ್ದದ ಎಳೆಗಳನ್ನು ಸೇರಿಸಿ ಹುರಿ ಮಾಡುವುದು ಅಂತ ನನಗೆ ಕಲಿಸಿದವರೇ ನೀವು. ಹೋಗುವ ದಿನ ಒಂದೆಳೆಯೂ ಬಿಡದೆ ಕತ್ತರಿಸಿದ್ದೀರಿ. ಕೈತಪ್ಪಿತೋ, ಇನ್ನು ಬರುವುದಿಲ್ಲ ಅಂತಲೋ? ಕೈತಪ್ಪಿದ್ದರೆ ಖಾಲಿ ಫಣಿಗೆ ಮೊದಲಿಂದ ಎಳೆ ಹಾಯಿಸೋಣ. ಈ ಕಡೆಯಿಂದ ನಾನು ಕೊಡುತ್ತೇನೆ, ಆ ಕಡೆ ಕೂತು ಎಳೆದುಕೊಳ್ಳಲು ಒಬ್ಬರು ಬೇಕು. ಪಕ್ಕದ ಮನೆಯ ಶೈಲಜಾ ಬರುತ್ತೇನೆ ಅಂದಳು. ಬೇಡ ಅಂದೆ.